ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತಾ?

ಪ್ರಶ್ನೆ: ಒಂದು ತಿಂಗಳಿಂದ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿದೆ. ನೋವಿಲ್ಲ. ಡಾಕ್ಟರು ಕ್ಲೀನಿಂಗ್ ಮಾಡಿಸಿ ಅಂದರು. ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ಒಮ್ಮೆ ಮಾಡಿಸಿದರೆ ಹಲ್ಲು ಸಡಿಲ ಆಗಿ ಸಂದಿ ಬೀಳುತ್ತಂತೆ. ಏನು ಮಾಡಲಿ?

ಉತ್ತರ: ಮಾಡಿಸಿ. ಈ ವಾರವೇ ಮಾಡಿಸಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕುರ್ಚಿಯಲ್ಲಿ ಒರಗುವ ಮೊದಲೇ ಕೆಲವರು ಕೇಳಿಬಿಡುತ್ತಾರೆ. "ಸಡಿಲ ಆಗಲ್ಲ" ಅಂತ ಒಂದೇ ಮಾತಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಆದರೆ ಮತ್ತೆ ಬರುವುದಿಲ್ಲ. ಮೂರು ವರ್ಷ ಬಿಟ್ಟು ಬರುತ್ತಾರೆ, ಅಷ್ಟರಲ್ಲಿ ಹಲ್ಲು ಅಲ್ಲಾಡುತ್ತಿರುತ್ತದೆ. ಅದಕ್ಕೇ ಇವತ್ತು ಪೂರ್ತಿ ಹೇಳುತ್ತೇನೆ.

ಮೊದಲು ರಕ್ತದ ವಿಷಯ. ಆರೋಗ್ಯವಾಗಿರುವ ವಸಡಿನಿಂದ ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಬರುವುದಿಲ್ಲ. ಅದು ಬಿಗಿಯಾಗಿ ಹಲ್ಲಿಗೆ ಅಂಟಿಕೊಂಡಿರುತ್ತದೆ, ಅಂಚು ತೆಳ್ಳಗಿರುತ್ತದೆ. ಕಾಯಿಲೆ ಬಿದ್ದ ವಸಡು ಕೆಂಪಗೆ ಊದಿಕೊಂಡು ಹೊಳೆಯುತ್ತದೆ, ಅಂಚು ದಪ್ಪಗಾಗುತ್ತದೆ. ಕನ್ನಡಿ ಮುಂದೆ ತುಟಿ ಎತ್ತಿ, ಎರಡು ಹಲ್ಲಿನ ನಡುವೆ ಇರುವ ತ್ರಿಕೋನದಂಥ ಭಾಗವನ್ನು ನೋಡಿ. ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು ಅಲ್ಲೇ.

ರಕ್ತ ಕಂಡ ಕೂಡಲೇ ಜನ ಮಾಡುವ ತಪ್ಪು ಒಂದೇ. ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟುಬಿಡುತ್ತಾರೆ. ಆಗಬೇಕಾದ್ದು ಇದರ ಉಲ್ಟಾ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಜೊತೆಗಾರರು ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಹನ್ನೆರಡೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಔಷಧಿ ಇಲ್ಲ, ಮಾತ್ರೆ ಇಲ್ಲ. ಕಾರಣ ಹಲ್ಲಿನ ಮೇಲೆ ಕೂರುವ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರ. ಅದನ್ನು ತೆಗೆದರೆ ಊತ ಇಳಿಯುತ್ತದೆ. ಇಷ್ಟು ಸರಳವಾಗಿ ಸಾಬೀತಾದ ವಿಷಯ ವೈದ್ಯಕೀಯದಲ್ಲಿ ಜಾಸ್ತಿ ಇಲ್ಲ. ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಸಿಗರೇಟು ಸೇದುವವರಿಗೆ ಒಂದು ಮಾತು. ನಿಮ್ಮ ವಸಡಿನಿಂದ ರಕ್ತ ಬರದೇ ಇರಬಹುದು. ಹೊಗೆ ವಸಡಿನ ರಕ್ತಸಂಚಾರವನ್ನು ಕುಗ್ಗಿಸಿ, ಒಳಗಿನ ಕಾಯಿಲೆಯನ್ನು ಮುಚ್ಚಿಡುತ್ತದೆ. ರಕ್ತ ಇಲ್ಲ ಅಂತ ಧೈರ್ಯವಾಗಿರಬೇಡಿ.

ಈಗ ಆ ಮೊಂಡು ನಂಬಿಕೆಗೆ ಬರೋಣ.

ಹಲ್ಲು ನಿಂತಿರುವುದು ಯಾವುದರ ಮೇಲೆ? ದವಡೆ ಮೂಳೆಯ ಮೇಲೆ. ಹಲ್ಲಿನ ಬೇರು ಮೂಳೆಯ ಗುಳಿಯಲ್ಲಿ ಕೂತಿರುತ್ತದೆ. ಬೇರಿಗೂ ಮೂಳೆಗೂ ನಡುವೆ ಸಾವಿರಾರು ಸಣ್ಣ ನಾರುಗಳು ಎರಡು ಕಡೆಯಿಂದಲೂ ಹಿಡಿದುಕೊಂಡಿರುತ್ತವೆ. ಈ ನಾರಿನ ಪದರದ ದಪ್ಪ ಸುಮಾರು 0.2 ಮಿಲಿಮೀಟರ್. ನಾವು ಕಚ್ಚಿದಾಗ ಹಲ್ಲಿಗೆ ಬೀಳುವ ಭಾರವನ್ನೆಲ್ಲ ತಡೆಯುವುದು ಈ ತೆಳು ಪದರ ಮತ್ತು ಅದರಾಚೆಗಿನ ಮೂಳೆ. ಈ ಲೆಕ್ಕದಲ್ಲಿ ಹಲ್ಲಿನ ಮೇಲೆ ಕಟ್ಟಿಕೊಂಡ ಕಲ್ಲಿಗೆ ಜಾಗವೇ ಇಲ್ಲ. ಕಲ್ಲು ಅಂದರೆ ಗಟ್ಟಿಯಾದ ಪ್ಲಾಕ್, ಅಷ್ಟೇ. ಅದು ಹಲ್ಲಿಗೆ ಅಂಟಿಕೊಂಡಿರುತ್ತದೆಯೇ ಹೊರತು ಹಲ್ಲನ್ನು ಹಿಡಿದುಕೊಂಡಿರುವುದಿಲ್ಲ.

"ಇಲ್ಲ ಡಾಕ್ಟ್ರೇ, ನಮ್ಮ ಅಕ್ಕನಿಗೆ ನಿಜವಾಗಿಯೂ ಹಾಗಾಯ್ತು. ಕ್ಲೀನಿಂಗ್ ಆದ ಮಾರನೇ ದಿನವೇ ಹಲ್ಲು ಅಲ್ಲಾಡೋಕೆ ಶುರುವಾಯ್ತು" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ನಿಜ, ಕಟ್ಟಿಕೊಂಡ ಕಾರಣ ತಪ್ಪು.

ನಾನು ನೋಡುವ ಒಂದು ಬಾಯಿಯನ್ನು ನಿಮಗೂ ತೋರಿಸುತ್ತೇನೆ. ಕೆಳಗಿನ ನಾಲ್ಕು ಬಾಚಿ ಹಲ್ಲುಗಳ ಹಿಂದೆ ಕಲ್ಲು ಒಂದು ಸಣ್ಣ ಗೋಡೆಯ ಹಾಗೆ ಬೆಳೆದಿದೆ. ಕಂದು ಬಣ್ಣ, ಒರಟು. ಹಲ್ಲುಗಳ ನಡುವಿನ ಸಂದಿಯೂ ಅದರಲ್ಲೇ ತುಂಬಿದೆ. ಎಕ್ಸ್‌ರೇ ತೆಗೆದರೆ ಹಲ್ಲಿನ ಕುತ್ತಿಗೆಯಿಂದ ಒಂದೆರಡು ಮಿಲಿಮೀಟರ್ ಕೆಳಗಿರಬೇಕಾದ ಮೂಳೆ ಬೇರಿನ ಅರ್ಧಕ್ಕೆ ಇಳಿದುಹೋಗಿದೆ. ಅಂದರೆ ಹಲ್ಲಿನ ಆಸರೆ ವರ್ಷಗಳ ಹಿಂದೆಯೇ ಹೋಗಿದೆ. ಕಲ್ಲಿನ ಗೋಡೆ ನಾಲ್ಕೂ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಟ್ಟಿದ್ದರಿಂದ ಅಲ್ಲಾಟ ಗೊತ್ತಾಗಿಲ್ಲ. ಕಲ್ಲು ತೆಗೆದ ಕೂಡಲೇ ಒಂದೊಂದು ಹಲ್ಲೂ ತನ್ನ ನಿಜವಾದ ಸ್ಥಿತಿ ತೋರಿಸುತ್ತದೆ. ಸಂದಿಯೂ ಹಾಗೇ. ವಸಡು ಊದಿಕೊಂಡು, ಕಲ್ಲು ತುಂಬಿಕೊಂಡು ಮುಚ್ಚಿದ್ದ ಜಾಗ ಅದು. ಊತ ಇಳಿದಾಗ ಕಾಣುತ್ತದೆ.

ಬುಡದ ಮಣ್ಣೆಲ್ಲ ಕೊಚ್ಚಿಹೋದ ಗೂಟಕ್ಕೆ ಬಳ್ಳಿ ಸುತ್ತಿಕೊಂಡು ನಿಲ್ಲಿಸಿದೆ ಅಂದುಕೊಳ್ಳಿ. ಬಳ್ಳಿ ಕಿತ್ತವನು ಗೂಟ ಬೀಳಿಸಿದ ಅಂತೀರಾ? ಅದರಲ್ಲೂ ಈ ಬಳ್ಳಿ ಇದ್ದಷ್ಟು ದಿನ ಮಣ್ಣು ಕೊಚ್ಚುವುದು ನಿಲ್ಲುವುದೇ ಇಲ್ಲ. ಒರಟು ಕಲ್ಲಿನ ಮೇಲೆ ಹೊಸ ಪ್ಲಾಕ್ ಸಲೀಸಾಗಿ ಕೂರುತ್ತದೆ, ಆ ಪ್ಲಾಕ್‌ಗೆ ನಮ್ಮ ದೇಹ ಕೊಡುವ ಉತ್ತರವಾದ ಊತವೇ ಮೂಳೆಯನ್ನು ಕರಗಿಸುತ್ತದೆ. ಕಲ್ಲನ್ನು ಹಾಗೇ ಬಿಟ್ಟರೆ ಹಲ್ಲು ಉಳಿಯುವುದಿಲ್ಲ, ಬೀಳುವ ದಿನದವರೆಗೆ ಗೊತ್ತಾಗುವುದಿಲ್ಲ ಅಷ್ಟೇ.

ಇನ್ನೊಂದು ಭಯ, ಮೆಷಿನ್ ಎನಾಮೆಲ್ ಅನ್ನು, ಅಂದರೆ ಹಲ್ಲಿನ ಹೊರಪದರವನ್ನು, ಕೆರೆದುಹಾಕುತ್ತದೆ ಅನ್ನುವುದು. ಕ್ಲೀನಿಂಗ್‌ಗೆ ಬಳಸುವ ಸ್ಕೇಲಿಂಗ್ ಮೆಷಿನ್ ಹಲ್ಲು ಕೊರೆಯುವ ಮೆಷಿನ್ ಅಲ್ಲ. ಅದರ ತುದಿ ತಿರುಗುವುದಿಲ್ಲ, ಸೆಕೆಂಡಿಗೆ ಸುಮಾರು 25,000 ಸಲ ಅಥವಾ ಅದಕ್ಕೂ ಹೆಚ್ಚು ಸಲ ಕಂಪಿಸುತ್ತದೆ. ಆ ಕಂಪನಕ್ಕೆ ಕಲ್ಲು ಬಿರುಕು ಬಿಟ್ಟು ಉದುರುತ್ತದೆ, ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ. ಎನಾಮೆಲ್ ಅಂದರೆ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಸರಿಯಾಗಿ ಬಳಸಿದರೆ ಅದಕ್ಕೆ ಏನೂ ಆಗುವುದಿಲ್ಲ. ಆಮೇಲೆ ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆನ್ನಬಹುದು. ಕಲ್ಲಿನಡಿ ಮುಚ್ಚಿದ್ದ ಬೇರು ಹೊರಗೆ ಬಂದಿರುವುದೇ ಅದಕ್ಕೆ ಕಾರಣ. ಬಹಳಷ್ಟು ಜನರಿಗೆ ತಾನಾಗಿಯೇ ಕಡಿಮೆಯಾಗುತ್ತದೆ.

ಕೆಲವರಿಗೆ ನಂಬಿಕೆಯೇ ಬರದ ಸಂಗತಿ ಇನ್ನೊಂದಿದೆ. ಊತದಿಂದಾಗಿ ಸ್ವಲ್ಪ ಅಲ್ಲಾಡುತ್ತಿದ್ದ ಹಲ್ಲು, ಕ್ಲೀನಿಂಗ್ ಆಗಿ ವಸಡು ವಾಸಿಯಾದ ಮೇಲೆ ಎಷ್ಟೋ ಸಲ ಗಟ್ಟಿಯಾಗುತ್ತದೆ. ಮನೆಯವರಿಗೆ ಇದನ್ನೂ ಹೇಳಿ.

ನಿಮ್ಮ ಕಾಯಿಲೆ ಎಲ್ಲಿಗೆ ಬಂದಿದೆ ಅಂತ ತಿಳಿಯಲು ಡಾಕ್ಟರು ಮಿಲಿಮೀಟರ್ ಗುರುತಿರುವ ತೆಳ್ಳನೆಯ ಕಡ್ಡಿಯನ್ನು ವಸಡಿಗೂ ಹಲ್ಲಿಗೂ ನಡುವೆ ಮೆಲ್ಲಗೆ ಇಳಿಸುತ್ತಾರೆ. 3ರವರೆಗೆ ಇಳಿದರೆ ಸಾಮಾನ್ಯ. 4 ಅಥವಾ ಅದಕ್ಕೂ ಹೆಚ್ಚು ಇಳಿದರೆ ಅಲ್ಲಿ ಪಾಕೆಟ್, ಅಂದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡ ಸಂದು, ಆಗಿರಬಹುದು, ಅದರ ಜೊತೆ ಮೂಳೆಯೂ ಇಳಿದಿದೆಯೇ ಅಂತ ನೋಡಬೇಕು. ಬರೀ ಊತವಾಗಿದ್ದರೆ ಕ್ಲೀನಿಂಗ್, ಆಮೇಲೆ ಮನೆಯಲ್ಲಿ ಸರಿಯಾಗಿ ಉಜ್ಜುವುದು, ಇಷ್ಟರಲ್ಲೇ ಪೂರ್ತಿ ವಾಸಿ. ಪಾಕೆಟ್ ಆಳವಾಗಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನ ಕಲ್ಲನ್ನೂ ತೆಗೆಯುತ್ತಾರೆ. ಅದಕ್ಕೆ ಡೀಪ್ ಕ್ಲೀನಿಂಗ್ ಅನ್ನುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ಆಗಲೂ ಆಳ ಉಳಿದ ಕಡೆ ವಸಡು ಬಿಡಿಸಿ ಮಾಡುವ ಸಣ್ಣ ಆಪರೇಷನ್ ಬೇಕಾಗಬಹುದು. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಅದಕ್ಕೇ ಇಂಥವರು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಬರುತ್ತಿರಬೇಕು.

ಕ್ಲೀನಿಂಗ್ ತಪ್ಪಿಸಿಕೊಳ್ಳಲು ಸುಮ್ನೆ ಆಂಟಿಬಯೋಟಿಕ್ ನುಂಗಬೇಡಿ. ಪ್ಲಾಕ್ ಪದರದೊಳಗಿನ ಬ್ಯಾಕ್ಟೀರಿಯಾವನ್ನು ಮಾತ್ರೆ ಸರಿಯಾಗಿ ಮುಟ್ಟುವುದಿಲ್ಲ, ಕಲ್ಲನ್ನಂತೂ ಕರಗಿಸುವುದೇ ಇಲ್ಲ. ಶುಗರ್ ಇದ್ದರೆ ದಂತವೈದ್ಯರಿಗೆ ಹೇಳಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ, ವಸಡಿನ ಕಾಯಿಲೆ ಜೋರಾದರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ಬಿಪಿಗೆ ಕೊಡುವ ಆಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಗಳಿಂದ ಕೆಲವರಿಗೆ ವಸಡು ಬೆಳೆದು ದಪ್ಪಗಾಗುತ್ತದೆ. ಹಾಗೆ ಕಂಡರೆ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ ಗಮನಕ್ಕೆ ತನ್ನಿ.

ಇಷ್ಟೆಲ್ಲ ಹೇಳಿದ ಮೇಲೆ, ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಬೇಕು ಅನಿಸುತ್ತಿದೆ. ಕಲ್ಲು ಕೆಳಗಿನ ಮುಂದಿನ ಹಲ್ಲುಗಳ ಹಿಂದೆಯೇ ಜಾಸ್ತಿ ಕಟ್ಟುತ್ತದೆ, ಯಾಕೆ?

ಕನ್ನಡಿ ಮುಂದೆ ನಿಂತು ನಾಲಿಗೆಯನ್ನು ಮೇಲಕ್ಕೆತ್ತಿ. ನಾಲಿಗೆಯ ಬುಡದಲ್ಲಿ, ನಡುವಿನ ದಾರದಂಥ ಮಡಿಕೆಯ ಎರಡೂ ಪಕ್ಕ ಪುಟ್ಟ ಉಬ್ಬು ಕಾಣುತ್ತದೆ. ಒಂದು ಕ್ಷಣ ಕಾದರೆ ಅಲ್ಲಿಂದ ತಿಳಿಯಾದ ಜೊಲ್ಲು ಜಿನುಗುವುದೂ ಕಾಣಬಹುದು. ಜೊಲ್ಲಿನ ಗ್ರಂಥಿಗಳ ಬಾಯಿ ಅದು. ಜೊಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಇರುತ್ತವೆ. ಎನಾಮೆಲ್‌ನ ಖನಿಜ ಸಣ್ಣಪುಟ್ಟದಾಗಿ ಕರಗಿದಾಗ ರಿಪೇರಿ ಮಾಡುವುದು ಇವೇ. ಆದರೆ ಎದುರಿಗೆ ಪ್ಲಾಕ್ ಕೂತಿದ್ದರೆ ಅದೇ ಖನಿಜ ಪ್ಲಾಕ್ ಒಳಗೂ ಇಳಿದು, ಒಂದೆರಡು ದಿನದಲ್ಲೇ ಅದನ್ನು ಗಟ್ಟಿ ಮಾಡಲು ಶುರುಮಾಡುತ್ತದೆ. ಇನ್ನೊಂದು ಗ್ರಂಥಿಯ ಬಾಯಿ ಕೆನ್ನೆಯ ಒಳಗೆ, ಮೇಲಿನ ದವಡೆ ಹಲ್ಲಿನ ಎದುರಿಗಿದೆ. ಅಲ್ಲೂ ಹೀಗೇ ಕಲ್ಲು ಕಟ್ಟುತ್ತದೆ.

ಈ ಎರಡು ಜಾಗಗಳಿಗೇ ಬ್ರಷ್ ಸರಿಯಾಗಿ ತಲುಪುವುದಿಲ್ಲ ಅಲ್ವಾ? ಮುಂದಿನ ಹಲ್ಲುಗಳ ಹಿಂದೆ ಬ್ರಷ್ಷನ್ನು ಅಡ್ಡ ಹಿಡಿಯಬೇಡಿ, ನೆಟ್ಟಗೆ ಹಿಡಿಯಿರಿ. ತುದಿಯ ಎಳೆಗಳನ್ನು ವಸಡಿನ ಅಂಚಿಗೆ ಇಟ್ಟು ಮೇಲಕ್ಕೆ ಎಳೆಯಿರಿ. ಎಳೆ ಮೆತ್ತಗಿರಲಿ, ಒತ್ತಬೇಡಿ. ಮುಗಿದ ಮೇಲೆ ನಾಲಿಗೆಯ ತುದಿಯಿಂದ ಸವರಿ ನೋಡಿ. ನುಣುಪಾಗಿದ್ದರೆ ಪ್ಲಾಕ್ ಹೋಗಿದೆ. ಎಷ್ಟು ಉಜ್ಜಿದರೂ ಒರಟಾಗಿಯೇ ಇದ್ದರೆ ಅದು ಕಲ್ಲು, ಬ್ರಷ್ಷಿಗೆ ಬಗ್ಗುವುದಿಲ್ಲ. ಅದನ್ನು ತೆಗೆಯಲು ಕ್ಲೀನಿಂಗೇ ಆಗಬೇಕು.