ಒಂದೇ ಕಾಲ ಮೇಲೆ ನಿಂತು ತೋರಿಸಿ

"ಈ ಕಾಲು ಪದೇ ಪದೇ ಹೊಳ್ಳತೈತ್ರೀ. ಎಲುಬು ವೀಕ್ ಇರಬೇಕು ನೋಡ್ರಿ." ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುವ ನಾನು ಈ ಮಾತು ಕೇಳದ ವಾರವೇ ಇಲ್ಲ. ಹೇಳುವವರ ಕೈಯಲ್ಲಿ ಎಕ್ಸ್‌ರೇ ಕವರ್ ಇರುತ್ತದೆ. ಎಕ್ಸ್‌ರೇಯಲ್ಲಿ ಏನೂ ಇರುವುದಿಲ್ಲ, ಎಲುಬು ಗಟ್ಟಿಯಾಗೇ ಇರುತ್ತದೆ. ಅದನ್ನು ಪಕ್ಕಕ್ಕಿಟ್ಟು, ಆ ಒಂದೇ ಕಾಲ ಮೇಲೆ ನಿಂತು ತೋರಿಸಿ ಅನ್ನುತ್ತೇನೆ. ಇದೇನು ದೊಡ್ಡದು ಅಂತ ನಗುತ್ತಾರೆ. ಆಮೇಲೆ ಟೇಬಲ್ ಹಿಡಿಯುತ್ತಾರೆ.

ಕಾಲು ಹೊರಳಿ ಹರಡು ಉಳುಕಿದಾಗ ಐಸ್ ಇಡುವುದು, ಬ್ಯಾಂಡೇಜ್ ಸುತ್ತುವುದು, ಕಾಲ ಕೆಳಗೆ ದಿಂಬು ಕೊಡುವುದು ಎಲ್ಲರಿಗೂ ಗೊತ್ತು. ಅದನ್ನು ಬಿಡುತ್ತೇನೆ. ನನ್ನ ಜಗಳ ಆಮೇಲಿನ ದಿನಗಳದ್ದು. ಬಾವು ಇಳಿಯಿತು, ಬೂಟು ಹಿಡಿಸಿತು, ಇನ್ನೇನು ಅಂತ ಎದ್ದು ಹೊರಟುಬಿಡುತ್ತಾರೆ.

ಪಾದ ಒಳಕ್ಕೆ ಹೊರಳಿದಾಗ ಹೆಚ್ಚಾಗಿ ಪೆಟ್ಟಾಗುವುದು ಹೊರಗಿನ ಹರಡಿನ, ಅಂದರೆ ಪಾದದ ಮೇಲೆ ಪಕ್ಕಕ್ಕೆ ಉಬ್ಬಿರುವ ಗಂಟಿನ, ಮುಂದಿರುವ ಒಂದು ಚಿಕ್ಕ ಲಿಗಮೆಂಟಿಗೆ. ಎಲುಬಿಗೂ ಎಲುಬಿಗೂ ಕಟ್ಟಿದ ಪಟ್ಟಿ ಅದು. ಕೀಲನ್ನು ಹಿಡಿದಿಡುವುದು ಅದರ ಒಂದು ಕೆಲಸ. ಇನ್ನೊಂದು ಕೆಲಸವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಾದ ಈಗ ಯಾವ ಕಡೆ ವಾಲಿದೆ ಎಂದು ಮಿದುಳಿಗೆ ಸುದ್ದಿ ಕೊಡುವ ನರದ ತುದಿಗಳು ಅದರಲ್ಲಿವೆ. ಕಲ್ಲಿನ ಮೇಲೆ ಕಾಲು ಬಿತ್ತು ಅಂದುಕೊಳ್ಳಿ, ನೀವು ಯೋಚಿಸುವ ಮೊದಲೇ ಸುದ್ದಿ ಹೋಗಿ, ಮೊಣಕಾಲ ಕೆಳಗೆ ಹೊರಬದಿಯಲ್ಲಿರುವ ಸ್ನಾಯುಗಳು ಪಾದವನ್ನು ಎಳೆದು ಸರಿ ಮಾಡಿಬಿಡುತ್ತವೆ. ಪಟ್ಟಿ ಹಿಗ್ಗಿದರೆ ಅಥವಾ ಹರಿದರೆ ಈ ಸುದ್ದಿಯೂ ಕೆಡುತ್ತದೆ, ಸ್ನಾಯುಗಳು ತಡ ಮಾಡುತ್ತವೆ, ಅಷ್ಟರಲ್ಲಿ ಕಾಲು ಮತ್ತೆ ಹೊರಳಿರುತ್ತದೆ. ನೋವು ಕೆಲವು ವಾರಗಳಲ್ಲಿ ಹೋಗಬಹುದು. ಪಟ್ಟಿ ಬಲಿಯಲು ತಿಂಗಳುಗಳೇ ಬೇಕು. ಸುದ್ದಿ ಹೋಗುವ ದಾರಿ ಸರಿಯಾಗಲು ತಾಲೀಮು ಬೇಕು, ಸುಮ್ನೆ ಕೂತರೆ ಎಷ್ಟೋ ಜನರಿಗೆ ಆಗುವುದಿಲ್ಲ. ಮತ್ತೆ ಹೇಳುತ್ತೇನೆ, ನೋವು ಇಲ್ಲ ಅನ್ನುವುದು ಬೇರೆ, ಕಾಲು ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತದೆ ಅನ್ನುವುದು ಬೇರೆ.

ನಮ್ಮ ಕಡೆ ನೆಲವೂ ಸುಮ್ಮನಿರುವುದಿಲ್ಲ ಬಿಡಿ. ನವಲಗುಂದ, ನರಗುಂದ, ರೋಣದ ಎರೆ ಹೊಲ ಬೇಸಿಗೆಯಲ್ಲಿ ಪಾದ ಸಿಕ್ಕುವಷ್ಟು ಬಿರಿಯುತ್ತದೆ. ದೀಪಾವಳಿ ಮುಗಿದು ಹಾವೇರಿ ಕಡೆ ಹೋರಿ ಬೆದರಿಸುವುದು ಶುರುವಾದರೆ, ಓಡುವ ಹೋರಿಗೆ ಕಟ್ಟಿದ ಕೊಬ್ಬರಿ ಹರಿಯಲು ಬೆನ್ನತ್ತಿದ ಹುಡುಗರು ಕುಂಟುತ್ತಾ ಬರುತ್ತಾರೆ. ನರದ ಮೇಲೆ ನರ ಏರಿದೆ ಅಂತ ಅವತ್ತೇ ಯಾರಿಂದಲೋ ಜಗ್ಗಿಸಿ, ಗಸಗಸ ತಿಕ್ಕಿಸಿಕೊಂಡು ಬಂದಿರುತ್ತಾರೆ. ಅಜ್ಜಿಯರ ಎಣ್ಣೆ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೊದಲ ಕೆಲವು ದಿನ ಜಗ್ಗುವುದು, ಜೋರಾಗಿ ತಿಕ್ಕುವುದು ಬೇಡವೇ ಬೇಡ, ಬಾವು ಜಾಸ್ತಿಯಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ಹಮಾಲರೊಬ್ಬರು ಬಂದಿದ್ದರು. ಸೀಸನ್ನಿನಲ್ಲಿ ರಜೆ ಹಾಕಿ ಅಂದರೆ ಕೇಳುವವರಲ್ಲ. ಹಲ್ಲುಜ್ಜುವಾಗ ಒಂದೇ ಕಾಲ ಮೇಲೆ ನಿಲ್ಲಿ ಅಂದೆ. ಮನೆಯವರು ಕೊಕ್ಕರೆ ಅಂತ ಕರೆಯಲು ಶುರು ಮಾಡಿದರಂತೆ. ಅವರು ಬಿಡಲಿಲ್ಲ. ಕೊನೆಗೆ ಚೀಲ ಇಳಿಸಿದ ಮೇಲೆ ಜೊತೆಯವರನ್ನೂ ನಿಲ್ಲಿಸಿ, ಕಣ್ಣು ಮುಚ್ಚಿ ಹೆಚ್ಚು ಹೊತ್ತು ಯಾರು ನಿಲ್ಲುತ್ತಾರೆ ಅಂತ ಚಹಾದ ಪಂಥ ಕಟ್ಟಿಸಿದರು. ಇಷ್ಟು ಶ್ರದ್ಧೆ ನಮ್ಮ ಐಟಿ ಹುಡುಗರಲ್ಲಿ ನಾನು ಕಂಡಿಲ್ಲ. ಅವರು ಯೂಟ್ಯೂಬ್ ನೋಡಿಯೇ ಸುಸ್ತಾಗಿರುತ್ತಾರೆ.

ತಾಲೀಮು ಇಷ್ಟೇ. ಕುಂಟದೆ ನಡೆಯಲು ಬಂದ ಮೇಲೆ, ಗೋಡೆ ಕೈಗೆ ಸಿಗುವಂತೆ ನಿಂತು, ಉಳುಕಿದ ಕಾಲ ಮೇಲೆ 30 ಸೆಕೆಂಡು. ಅದು ಸಲೀಸಾದರೆ ಕಣ್ಣು ಮುಚ್ಚಿ. ಅದೂ ಸಲೀಸಾದರೆ ಮಡಚಿದ ಚಾದರದ ಮೇಲೆ. ದಿನಾ, ವಾರಗಟ್ಟಲೆ. ವಯಸ್ಸಾದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ನನ್ನ ಈ ಮಾತು ಓದಿ ಶುರು ಮಾಡಬೇಡಿ. ಮೊದಲು ಯಾರಿಗಾದರೂ ತೋರಿಸಿ.

ಎಕ್ಸ್‌ರೇ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ನಿಯಮ ಮಾಡಿದರು, ಈಗಲೂ ನಾವು ಅದನ್ನೇ ನೋಡುತ್ತೇವೆ. ಪೆಟ್ಟಾದ ಕೂಡಲೂ, ಆಮೇಲೆ ತಪಾಸಣೆಯಲ್ಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎಲುಬಿನ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದರೆ ನೋವಾದರೆ, ಎಕ್ಸ್‌ರೇ ಬೇಕು. ಪಾದದ ಎಲುಬುಗಳಿಗೂ ಇಂಥದೇ ಗುರುತುಗಳಿವೆ. ಆದರೆ ಎಕ್ಸ್‌ರೇ ಹೇಳುವುದು ಎಲುಬಿನ ಸುದ್ದಿಯನ್ನು. ಲಿಗಮೆಂಟ್ ಅದರಲ್ಲಿ ಕಾಣುವುದೇ ಇಲ್ಲ.

ಹೋರಿ ಹುಡುಗರು ಕೇಳುವುದು ಒಂದೇ, ಮುಂದಿನ ಹಬ್ಬಕ್ಕೆ ಓಡಬಹುದಾ? ಎರಡೂ ಕಾಲಲ್ಲಿ ಒಂದೇ ಸಮ ಕುಂಟಾಟ ಆಡಿ ತೋರಿಸಿದರೆ ಓಡಿ. ಒಂದು ಸಲ ಉಳುಕಿದ ಕಾಲಿಗೆ ಆಂಕಲ್ ಬ್ರೇಸ್, ಅಂದರೆ ಹರಡನ್ನು ಬಿಗಿಹಿಡಿಯುವ ಕವಚ, ಹಾಕಿದರೆ ಮತ್ತೆ ಉಳುಕುವುದು ಕಡಿಮೆ, ಅದನ್ನೂ ಹಾಕಿಕೊಳ್ಳಿ. ಬ್ರೇಸ್ ಇದೆಯಲ್ಲ ಅಂತ ತಾಲೀಮು ಮಾತ್ರ ಬಿಡಬೇಡಿ.