ಬೇರಿಗಿಂತ ಮೊದಲು ಬಂದ ಎಳೆಗಳು

ಕಾಫಿ ನರ್ಸರಿಯ ಚೀಲಕ್ಕೆ ತುಂಬುವ ಮಣ್ಣಿನ ಲೆಕ್ಕ ಮೂಡಿಗೆರೆ, ಸಕಲೇಶಪುರದ ಕಡೆ ಬೆಳೆಗಾರರಿಗೆ ಬಾಯಿಪಾಠ: ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಕಾಡುಮಣ್ಣೇ ಏಕೆ ಎಂದು ಕೇಳಿದರೆ ಅದರಲ್ಲಿ ಸಾರ ಜಾಸ್ತಿ ಎನ್ನುತ್ತಾರೆ. ನಿಜವೇ. ಆದರೆ ಆ ಮಣ್ಣಿನ ಜೊತೆ ಇನ್ನೊಂದು ಸರಕೂ ಚೀಲ ಸೇರುತ್ತದೆ: ಮೈಕೊರೈಜಾ ಶಿಲೀಂಧ್ರಗಳ ಬೀಜಕಗಳು. ಸಸಿಯ ಬೇರು ಹರಡತೊಡಗಿದಂತೆ ಇವು ಮೊಳೆತು ಬೇರಿನ ಒಳಗೇ ಮನೆ ಮಾಡುತ್ತವೆ. ಮಣ್ಣಿನಿಂದ ರಂಜಕ ತಂದುಕೊಟ್ಟು ಬದಲಿಗೆ ಸಕ್ಕರೆ, ಕೊಬ್ಬು ಪಡೆಯುತ್ತವೆ. ಈ ಕೊಡುಕೊಳ್ಳುವಿಕೆ ಶುರುವಾದಾಗ ಭೂಮಿಯ ಮೇಲೆ ಬೇರು ಎಂಬುದೇ ಇರಲಿಲ್ಲ.

ನೆಲದ ಗಿಡಗಳೆಲ್ಲ ಸಿಹಿನೀರಿನ ಹಸಿರು ಶೈವಲಗಳ ಸಂತತಿ. ಅವು ದಡ ಹತ್ತಿದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಆ ಕಾಲದಿಂದ ನಮಗೆ ಉಳಿದಿರುವುದು ಮುಖ್ಯವಾಗಿ ಸೂಕ್ಷ್ಮ ಬೀಜಕಗಳು. ಅವುಗಳ ಗೋಡೆಯಲ್ಲಿರುವ ಸ್ಪೋರೊಪೊಲೆನಿನ್ ಎಂಬ ವಸ್ತು ಆಮ್ಲಕ್ಕೂ ಜಗ್ಗದಷ್ಟು ಗಟ್ಟಿ. ನೀರಿನಲ್ಲಿದ್ದಷ್ಟು ಕಾಲ ಶೈವಲಕ್ಕೆ ಚಿಂತೆ ಇರಲಿಲ್ಲ. ನೀರು, ಲವಣ, ಇಂಗಾಲದ ಡೈಆಕ್ಸೈಡ್ ಮೂರನ್ನೂ ಮೈಯಿಂದಲೇ ಹೀರಿಕೊಳ್ಳುತ್ತಿತ್ತು. ದಡದಲ್ಲಿ ಮೂರೂ ಬೇರೆಬೇರೆಯಾದವು: ನೀರು ಮತ್ತು ಲವಣ ಕೆಳಗೆ, ಅನಿಲ ಮೇಲೆ. ಮೇಲಕ್ಕೆ ಮೈಚಾಚಿದರೆ ಒಣಗಿ ಸಾಯುವ ಭಯ.

ಲವಣಗಳಲ್ಲಿ ಅತಿ ಕಷ್ಟದ್ದು ರಂಜಕ. ಮಣ್ಣಿನಲ್ಲಿ ಅದು ಜಾಗ ಬಿಟ್ಟು ಕದಲುವುದು ತೀರಾ ನಿಧಾನ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ದೂರದ ರಂಜಕ ಖಾಲಿಯಾದರೆ ಮುಗಿಯಿತು, ಆಚೆಯದು ತಾನಾಗಿ ಹರಿದು ಬರುವುದಿಲ್ಲ. ಶಿಲೀಂಧ್ರದ ಎಳೆ 2ರಿಂದ 10 ಮೈಕ್ರೊಮೀಟರ್ ದಪ್ಪ. ಬೇರು ತೂರಲಾರದ ಸಂದಿಗೂ ತೂರಿ, ಹಲವು ಸೆಂಟಿಮೀಟರ್ ಆಚೆಯಿಂದ ರಂಜಕ ತರಬಲ್ಲದು.

ಬೇರಿಗಿಂತ ಮೊದಲೇ ಈ ನಂಟಿತ್ತು ಎಂಬುದಕ್ಕೆ ಸಾಕ್ಷಿ ಇರುವುದು ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯಲ್ಲಿ. ಅಲ್ಲಿ 40.7 ಕೋಟಿ ವರ್ಷಗಳ ಹಿಂದೆ ಬಿಸಿನೀರಿನ ಬುಗ್ಗೆಗಳ ಸಿಲಿಕಾ ಗಿಡಗಳನ್ನು ನಿಂತಲ್ಲೇ ಕಲ್ಲಾಗಿಸಿತು, ಅದೂ ಒಂದೊಂದು ಜೀವಕೋಶ ಕಾಣುವಂತೆ. 1912ರ ಸುಮಾರಿಗೆ ವೈದ್ಯ ವಿಲಿಯಂ ಮ್ಯಾಕಿ ಈ ಕಲ್ಲನ್ನು ಗುರುತಿಸಿದರು. ಅಲ್ಲಿನ ಅಗ್ಲಾವೊಫೈಟಾನ್ ಎಂಬ ಗಿಡಕ್ಕೆ ಬೇರೂ ಇಲ್ಲ, ಎಲೆಯೂ ಇಲ್ಲ. ನೆಲಕ್ಕೆ ತಾಗಿದ ಕಾಂಡದಿಂದ ಹೊರಟ ಕೂದಲಿನಂಥ ಎಳೆಗಳಷ್ಟೇ. ಆದರೂ ಅದರ ಕಾಂಡದ ಕೋಶಗಳೊಳಗೆ ಶಿಲೀಂಧ್ರ ಪುಟ್ಟ ಮರದಂತೆ ಕವಲೊಡೆದು ಕೂತಿರುವುದು 1994ರಲ್ಲಿ ಪ್ರಕಟವಾಯಿತು. ಇಂದಿನ ಕಾಫಿ ಬೇರಿನೊಳಗೆ ಕಾಣುವ ರಚನೆಯೂ ಇದೇ: ಅರ್ಬಸ್ಕ್ಯೂಲ್. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಿಕ್ಕ ಈ ಗುಂಪಿನ ಶಿಲೀಂಧ್ರ ಬೀಜಕಗಳು ಇನ್ನೂ ಹಳೆಯವು, 46 ಕೋಟಿ ವರ್ಷ.

ಬಂಡೆಯ ಮೇಲೆ ಮೊದಲು ಕಲ್ಲುಹೂವು (ಶಿಲೀಂಧ್ರ, ಶೈವಲ ಕೂಡಿ ಬಾಳುವ ಜೋಡಿ) ಬಂತು, ಅದು ಕಲ್ಲನ್ನು ಪುಡಿ ಮಾಡಿ ಮಣ್ಣಾಗಿಸಿತು, ಆಮೇಲೆ ಗಿಡಗಳು ಬಂದವು ಎಂಬ ಕಥೆ ಶಾಲೆಯ ಪುಸ್ತಕಗಳಿಂದ ಹೋಗುತ್ತಲೇ ಇಲ್ಲ. ಈಗಿನ ಕಲ್ಲುಹೂವಿನ ಶಿಲೀಂಧ್ರಗಳ ವಂಶಾವಳಿಯನ್ನು ಜೀನ್‌ಗಳಿಂದ ಲೆಕ್ಕಹಾಕಿದರೆ, ಅವು ನಾಳವಿರುವ ಗಿಡಗಳಿಗಿಂತ ಕಿರಿಯವು ಎಂದೇ ತೋರುತ್ತದೆ. ಬರಿಗಲ್ಲಿನ ಮೇಲೆ ಇಂದು ಮೊದಲು ಹತ್ತುವುದು ಅದೇ ಇರಬಹುದು. ಹಾಗೆಂದು ಇತಿಹಾಸದಲ್ಲೂ ಅದೇ ಮೊದಲು ಎನ್ನಲಾಗದು.

ಸುಮಾರು ಶೇ. 70ರಷ್ಟು ನೆಲಗಿಡಗಳು ಇಂದಿಗೂ ಅರ್ಬಸ್ಕ್ಯೂಲ್ ಮೈಕೊರೈಜಾವನ್ನು ಇಟ್ಟುಕೊಂಡಿವೆ. ಮಲೆನಾಡಿನ ಹುಳಿಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಸೇರಿ ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಇಲ್ಲಿ ಇದಕ್ಕೆ ಬೆಲೆ ಹೆಚ್ಚು. ಗಿಡಕ್ಕೆ ರಂಜಕದ ಹಸಿವಿದ್ದಾಗ ಬೇರು ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕ ಬಿಟ್ಟು ಶಿಲೀಂಧ್ರವನ್ನು ಕರೆಯುತ್ತದೆ; ಹೊಟ್ಟೆ ತುಂಬಿದ್ದರೆ ಕರೆಯುವುದಿಲ್ಲ. ನರ್ಸರಿ ಚೀಲಕ್ಕೆ ಸೂಪರ್ ಫಾಸ್ಫೇಟ್ ಧಾರಾಳವಾಗಿ ಸುರಿದು, ಮೇಲೆ ಮೈಕೊರೈಜಾ ಪುಡಿಯನ್ನೂ ಕೊಂಡುತಂದು ಹಾಕುವುದು ಇದೇ ಕಾರಣಕ್ಕೆ ದುಡ್ಡು ದಂಡ. ಪುಡಿಯನ್ನು ಮಣ್ಣಿನ ಮೇಲೆ ಚೆಲ್ಲಿದರೂ ಪ್ರಯೋಜನ ಕಡಿಮೆ, ಅದು ಬೇರಿಗೆ ತಾಗುವ ಆಳದಲ್ಲಿರಬೇಕು.

ಇನ್ನು ತೋಟದಲ್ಲಿ ಸಾಲಾಗಿ ನಿಂತ ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಈ ಮರದ ಕುಟುಂಬ ಸಾಮಾನ್ಯವಾಗಿ ಶಿಲೀಂಧ್ರದ ಹಂಗಿಗೆ ಬಿದ್ದಿಲ್ಲ. ಕುಂಚದಂತೆ ಗುಂಪುಗುಂಪಾಗಿ ಬೇರು ಬಿಟ್ಟು, ಸಿಟ್ರಿಕ್ ಆಮ್ಲದಂಥವನ್ನು ತಾನೇ ಸುರಿಸಿ ರಂಜಕ ಬಿಡಿಸಿಕೊಳ್ಳುತ್ತದೆ. ಪಕ್ಕದ ಹಾಲುವಾಣ ಮೈಕೊರೈಜಾದ ಜೊತೆಗೆ ಸಾರಜನಕಕ್ಕಾಗಿ ಬೇರುಗಂಟಿನ ಬ್ಯಾಕ್ಟೀರಿಯಾವನ್ನೂ ಸಾಕುತ್ತದೆ. ಬ್ಯಾಕ್ಟೀರಿಯಾ ಜೊತೆ ಮಾತಾಡಲು ಅದು ಬಳಸುವ ಜೀನ್‌ಗಳಲ್ಲಿ ಹಲವು ಶಿಲೀಂಧ್ರಕ್ಕಾಗಿ ಮೊದಲೇ ರೂಪುಗೊಂಡವು.

ನೀರು ಆರದಂತೆ ಗಿಡ ಮೇಣದ ಪೊರೆ ಹೊದ್ದುಕೊಂಡಿತು. ಹೊದ್ದರೆ ಅನಿಲವೂ ಒಳಬರದು, ಹಾಗಾಗಿ ಬೇಕಾದಾಗ ತೆರೆದು ಮುಚ್ಚುವ ಪತ್ರರಂಧ್ರಗಳು ಬಂದವು. ಅಗ್ಗದ ಏರ್ಪಾಡೇನಲ್ಲ: ಒಂದು ಇಂಗಾಲದ ಡೈಆಕ್ಸೈಡ್ ಅಣುವಿಗೆ ನೂರಾರು ನೀರಿನ ಅಣುಗಳನ್ನು ತೆರಬೇಕು. ಕಾಫಿ ಎಲೆಯಲ್ಲಿ ಈ ರಂಧ್ರಗಳಿರುವುದು ಅಡಿಮೈಯಲ್ಲಿ ಮಾತ್ರ. ಎಲೆ ತುಕ್ಕುರೋಗದ ಶಿಲೀಂಧ್ರ ಒಳನುಗ್ಗುವುದೂ ಅಲ್ಲಿಂದಲೇ. 1869ರಲ್ಲಿ ಶ್ರೀಲಂಕಾದಲ್ಲಿ ಪತ್ತೆಯಾಗಿ ಅಲ್ಲಿನ ಕಾಫಿಯನ್ನೇ ಮುಗಿಸಿದ ರೋಗ ಇದು. ಅಡಿಮೈ ಒದ್ದೆಯಿದ್ದರೆ ಬೀಜಕ ಕೆಲವೇ ಗಂಟೆಗಳಲ್ಲಿ ಮೊಳೆತು, ರಂಧ್ರ ಹುಡುಕಿ ಇಳಿಯುತ್ತದೆ. ಇಳಿದ ಮೇಲೆ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತವೆಂಬ ತಾಮ್ರದ ಲವಣ, ಸುಣ್ಣ ಬೆರೆಸಿದ್ದು) ಅದು ಸಿಗುವುದಿಲ್ಲ, ಏಕೆಂದರೆ ತಾಮ್ರ ಮೇಣದ ಪೊರೆಯ ಹೊರಗೇ ಉಳಿಯುತ್ತದೆ. ಆದ್ದರಿಂದ ಮುಂಗಾರಿಗೆ ಮೊದಲೇ ಸಿಂಪಡಿಸಬೇಕು, ಅದೂ ಎಲೆಯ ಅಡಿಗೆ. ಕಾಫಿಗೆ ಶೇ. 0.5ರ ದ್ರಾವಣ: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಒಟ್ಟು 200 ಲೀಟರ್ ನೀರು. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಹೊಳೆಯುವ ಚಾಕು ಅದ್ದಿದಾಗ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಅಂದೇ ಮಾಡಿ ಅಂದೇ ಬಳಸಬೇಕು.

ಸಂತಾನಕ್ಕೆ ನೀರಿನ ಋಣ ತೀರಿದ್ದು ಬಹಳ ತಡವಾಗಿ. ಪಾಚಿ, ಜರಿಗಿಡಗಳ ಗಂಡುಕೋಶ ಇಂದಿಗೂ ಈಜಿಕೊಂಡೇ ಹೆಣ್ಣುಕೋಶ ಸೇರಬೇಕು. ಚಾರ್ಮಾಡಿ, ಬಿಸಿಲೆಯ ಘಾಟಿಗಳಲ್ಲಿ ಮಳೆಗಾಲದಲ್ಲಿ ಅವುಗಳ ಸುಗ್ಗಿ. ಪರಾಗ ಬಂದ ಮೇಲೆ ಈಜು ತಪ್ಪಿತು. ಕಾಫಿಯಲ್ಲಿ ಈ ತಿರುವು ವಿಚಿತ್ರವಾಗಿ ಕಾಣುತ್ತದೆ: ಮೊಗ್ಗು ಎಚ್ಚರವಾಗಲು ಹೂಮಳೆ ಬೇಕು, ಆದರೆ ಎಂಟು ಹತ್ತು ದಿನ ಕಳೆದು ಹೂವರಳಿದಂದೇ ಮತ್ತೆ ಮಳೆ ಸುರಿದರೆ ಪರಾಗ ತೊಳೆದುಹೋಗಿ ಕಾಯಿ ಕಟ್ಟುವುದು ಕುಗ್ಗುತ್ತದೆ.

ಶಿಲೀಂಧ್ರಗಳೂ ಬಹುತೇಕ ಈಜು ಬಿಟ್ಟವು. ಕೈಟ್ರಿಡ್‌ಗಳಂಥ ಹಳೆಯ ಗುಂಪುಗಳಲ್ಲಿ ಮಾತ್ರ ಬಾಲವಿರುವ ಬೀಜಕಗಳಿವೆ. ಅಣಬೆಗಳು ಗಾಳಿಯನ್ನು ನಂಬಿದವು, ಆದರೂ ಹನಿ ನೀರಿಲ್ಲದೆ ನಡೆಯದು: ಬೀಜಕದ ಬುಡದಲ್ಲಿ ಕಟ್ಟುವ ಸೂಕ್ಷ್ಮ ಹನಿ ಬೀಜಕದ ಮೇಲಿನ ನೀರಿನೊಡನೆ ಸೇರಿದಾಗ ಹುಟ್ಟುವ ಜಗ್ಗು ಅದನ್ನು ಚಿಮ್ಮಿಸುತ್ತದೆ. ಅಡಿಯಲ್ಲಿನ ಪದರಗಳು ಮಳೆಗೆ ತೊಯ್ದರೆ ಈ ಚಿಮ್ಮುವಿಕೆ ಕೆಡುವುದರಿಂದ ಕೊಡೆಯ ಆಕಾರ ಉಪಯುಕ್ತ. ಅಡಿಕೆಯ ಕೊಳೆರೋಗ ತರುವ ಫೈಟೊಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ಕಂದು ಶೈವಲಗಳ ನೆಂಟ. ಅದು ಈಜು ಬಿಡಲೇ ಇಲ್ಲ. ಎರಡು ಬಾಲದ ಬೀಜಕಗಳು ತೊಯ್ದ ಗೊನೆಯ ಮೇಲಿನ ನೀರಿನಲ್ಲೇ ಕಾಯಿಂದ ಕಾಯಿಗೆ ಹೋಗುತ್ತವೆ.

ಬೇರಿನೊಳಗಿನ ಶಿಲೀಂಧ್ರವನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ನೋಡಬಹುದು. ಕಾಫಿಯ ನವಿರು ಬೇರುಗಳನ್ನು ತೊಳೆದು, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಅವು ಪಾರದರ್ಶಕವಾಗುವವರೆಗೆ ಬಿಸಿಮಾಡಬೇಕು (ಕೈಗವಸು, ಕನ್ನಡಕ ಕಡ್ಡಾಯ). ಚೆನ್ನಾಗಿ ತೊಳೆದು, ವಿನಿಗರ್‌ಗೆ ಶೇ. 5ರಷ್ಟು ಪೆನ್ನಿನ ಇಂಕು ಸೇರಿಸಿ ಮೂರು ನಿಮಿಷ ಕುದಿಸಿ, ವಿನಿಗರ್ ಹನಿಸಿದ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಟ್ಟರೆ ಬೇರಿನ ಬಣ್ಣ ಇಳಿದು ಶಿಲೀಂಧ್ರದ್ದು ಉಳಿಯುತ್ತದೆ. ಕ್ಷಾರ ಸರಿಯಾಗಿ ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಕಂದು ಬಣ್ಣದ ಹಳೆಯ ಬೇರಾದರೆ ನಡುವೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳುಪಾಗಿಸಬೇಕು. ಅರ್ಬಸ್ಕ್ಯೂಲ್‌ಗಳ ಆಯುಸ್ಸು ಕೆಲವೇ ದಿನ. ಹಾಗಾಗಿ ಬಲಿತ ಬೇರಿನಲ್ಲಿ ಕೊಬ್ಬು ತುಂಬಿದ ಗುಂಡು ಚೀಲಗಳಷ್ಟೇ ಕಂಡರೆ ಪ್ರಯೋಗ ಕೆಟ್ಟಿತೆಂದು ಕೈಬಿಡದೆ, ಮಳೆ ಹಿಡಿದ ಮೇಲೆ ಹೊಸದಾಗಿ ಹೊರಟ ಬಿಳಿಬೇರನ್ನು ತಂದು ಮತ್ತೆ ನೋಡಬೇಕು.