ಕಿಟಕಿ ಗಾಜಿನ ಮೇಲೆ ವೈಪರ್ ತಿರುಗಿಸುವ ಬಗೆ: ಹೊಸದಾಗಿ ಕಲಿಯುತ್ತಿರುವವರಿಗೆ ಟಿಪ್ಪಣಿ

3 ಅಡಿ ಅಗಲ, 4 ಅಡಿ ಎತ್ತರದ ಒಂದು ಗಾಜಿನ ನೀರನ್ನು ವೈಪರ್‌ನಲ್ಲಿ ಎಳೆದು ತೆಗೆಯಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಹೊತ್ತು ಹೋಗುವುದು ಬೇರೆ ಕಡೆ: ಉಳಿದ ಗೆರೆಯನ್ನು ಬಟ್ಟೆಯಿಂದ ಒರೆಸುವುದರಲ್ಲಿ, ಒರೆಸಿದಲ್ಲಿ ಮೂಡಿದ ಮಬ್ಬನ್ನು ಮತ್ತೆ ತಿಕ್ಕುವುದರಲ್ಲಿ, ಇಳಿಸಿದ ಏಣಿಯನ್ನು ಅದೇ ಕಿಟಕಿಗೆ ಎರಡನೆಯ ಸಲ ಹೊತ್ತು ತರುವುದರಲ್ಲಿ. ಮೈಸೂರಿನ ಬಡಾವಣೆಗಳ ಮನೆಗಳಲ್ಲಿ ಈ ಕೆಲಸ ಕಲಿಯುತ್ತಾ ನಾನು ಬರೆದಿಟ್ಟುಕೊಂಡಿದ್ದನ್ನು ಇಲ್ಲಿ ಕ್ರಮಪಡಿಸುತ್ತಿದ್ದೇನೆ. ಮಣಿಕಟ್ಟಿನ ತಿರುವು ನನಗೆ ಎಲ್ಲಕ್ಕಿಂತ ತಡವಾಗಿ ಅರ್ಥವಾದುದರಿಂದ ಆ ಭಾಗ ಉಳಿದವುಗಳಿಗಿಂತ ಉದ್ದವಾಗಿದೆ.

ಸಲಕರಣೆ ಮತ್ತು ನೀರು

ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಒಂದು ಕಡೆ ಸ್ಪಂಜು, ಇನ್ನೊಂದು ಕಡೆ ರಬ್ಬರ್ ಇರುವ ಪ್ಲಾಸ್ಟಿಕ್ ವೈಪರ್ ಕಾರಿನ ಗಾಜಿಗೆ ಸಾಕು. ಮನೆಗೆಲಸಕ್ಕೆ ಲೋಹದ ಪಟ್ಟಿಯಲ್ಲಿ ರಬ್ಬರ್ ಕೂರಿಸಿದ, ಆ ರಬ್ಬರನ್ನು ಎಳೆದು ಬದಲಿಸಬಹುದಾದ ವೈಪರ್ ಬೇಕು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ಕಿಟಕಿ ಶುಚಿ ಮಾಡುತ್ತಿದ್ದ ಎಟ್ಟೋರೆ ಸ್ಟೆಕೋನೆ ಎಂಬುವರು 1930ರ ದಶಕದಲ್ಲಿ ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್‌ನಲ್ಲಿ ಈ ಮಾದರಿಯನ್ನು ರೂಪಿಸಿದರು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಉಕ್ಕಿನ ಉಪಕರಣ ಭಾರವಾಗಿತ್ತು, ರಬ್ಬರ್ ಬದಲಿಸಬೇಕೆಂದರೆ ಹಲವು ತಿರುಪುಗಳನ್ನು ಬಿಚ್ಚಬೇಕಾಗಿತ್ತು. ಸ್ಟೆಕೋನೆಯವರದು ಹಗುರವಾದ ಹಿತ್ತಾಳೆಯದು, ಒಂದೇ ರಬ್ಬರ್ ಪಟ್ಟಿಯದು. ಬದಲಿಸುವುದು ಇಷ್ಟು ಸುಲಭವಾಗಿರುವಾಗ ಸವೆದ ರಬ್ಬರ್‌ನಲ್ಲೇ ದಿನ ತಳ್ಳುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. ರಬ್ಬರ್‌ಗೆ ಎರಡು ಅಂಚುಗಳಿರುವುದರಿಂದ ಒಂದು ಸವೆದರೆ ತಿರುಗಿಸಿ ಹಾಕಬಹುದು. ಲೋಹದ ಪಟ್ಟಿಯ ಎರಡೂ ತುದಿಗಳಲ್ಲಿ ಅದು 2-3 ಮಿಲಿಮೀಟರ್ ಹೊರಗೆ ಚಾಚಿರಬೇಕು. ಹಾಗಿಲ್ಲದಿದ್ದರೆ ಲೋಹವು ಚೌಕಟ್ಟಿಗೆ ತಾಗುತ್ತದೆಯೇ ಹೊರತು ರಬ್ಬರ್ ಮೂಲೆಯವರೆಗೆ ಹೋಗುವುದಿಲ್ಲ.

ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪು ಒಂದು ಚಿಕ್ಕ ಚಮಚ ಸಾಕು. ಕೊಳೆ ಬಿಡಿಸುವುದರ ಜೊತೆಗೆ ರಬ್ಬರ್ ಗಾಜಿನ ಮೇಲೆ ಜಾರುವಂತೆ ಮಾಡುವುದೂ ಸೋಪಿನ ಕೆಲಸ. ಹೆಚ್ಚಾದರೆ ಗಾಜು ಒಣಗಿದ ಮೇಲೆ ಬಣ್ಣ ಬಣ್ಣದ ಪೊರೆ ಕಾಣುತ್ತದೆ. ಮಂಡ್ಯದ ಕಡೆ ಆಲೆಮನೆಗಳ ಹತ್ತಿರದ ಮನೆಗಳಲ್ಲಿ ಗಾಜಿಗೆ ಮಸಿ ಅಂಟಿರುವಾಗ ಸೋಪು ಹೆಚ್ಚಿಸುವುದಕ್ಕಿಂತ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆಯುವುದು ಲೇಸು.

ತಿರುವು

ನೇರ ಎಳೆತದಲ್ಲಿ ವೈಪರನ್ನು ಮೇಲಿನಿಂದ ಕೆಳಕ್ಕೆ ಎಳೆದು, ರಬ್ಬರ್ ಒರೆಸಿ, ಒಣಗಿದ ಜಾಗದ ಎರಡು ಇಂಚನ್ನು ಸೇರಿಸಿಕೊಂಡು ಪಕ್ಕದಲ್ಲಿ ಮತ್ತೆ ಮೇಲಿನಿಂದ ಎಳೆಯುತ್ತೇವೆ. 14 ಇಂಚಿನ ವೈಪರ್‌ಗೆ 3 ಅಡಿ ಅಗಲದ ಗಾಜಿನಲ್ಲಿ ಇಂಥ ಮೂರು ಎಳೆತಗಳಾಗುತ್ತವೆ. ಇದು ತಪ್ಪೇನೂ ಅಲ್ಲ, ಉದ್ದ ಕೋಲಿಗೆ ವೈಪರ್ ಸಿಕ್ಕಿಸಿ ಮಹಡಿಯ ಗಾಜು ಎಳೆಯುವಾಗ ಇದೇ ಸರಿ. ಆದರೆ ವೈಪರ್ ಗಾಜಿನಿಂದ ಎದ್ದ ಕಡೆಯೂ ಮತ್ತೆ ಕೂತ ಕಡೆಯೂ ಗುರುತು ಉಳಿಯುವ ಸಾಧ್ಯತೆಯಿದೆ. ಹಾವಾಡಿದಂತೆ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಹರಿಸಿಕೊಂಡು ಇಳಿಯುವ ಕ್ರಮದಲ್ಲಿ ವೈಪರ್ ಗಾಜಿನಿಂದ ಏಳುವುದು ಕೊನೆಯಲ್ಲಿ ಒಂದೇ ಸಲ. ಅನುಭವಿಗಳ ವೇಗದ ಬಹುಪಾಲು ಇಲ್ಲಿಂದಲೇ ಬರುತ್ತದೆ.

ನೋಡುವಾಗ ಸುಲಭವೆನಿಸುವ ಈ ಕ್ರಮವು ಮಾಡುವಾಗ ಕೈಕೊಡುವುದಕ್ಕೆ ಕಾರಣವಿದೆ. ಬಲಕ್ಕೆ ಹೋಗುವಾಗ ಮೇಲಿದ್ದ ತುದಿ ಎಡಕ್ಕೆ ಬರುವಾಗಲೂ ಮೇಲೇ ಇರುತ್ತದೆ ಎಂದು ಮನಸ್ಸು ತಾನಾಗಿ ಅಂದುಕೊಳ್ಳುತ್ತದೆ. ವಾಸ್ತವದಲ್ಲಿ ಪ್ರತಿ ತಿರುವಿನಲ್ಲೂ ಎರಡು ತುದಿಗಳು ಸ್ಥಾನ ಬದಲಿಸಿಕೊಳ್ಳುತ್ತವೆ. ಇದನ್ನು ಕಣ್ಣಿಗೆ ಕಾಣಿಸಲು ಲೋಹದ ಪಟ್ಟಿಯ ಒಂದು ತುದಿಗೆ ಕೆಂಪು ಇನ್ಸುಲೇಷನ್ ಟೇಪನ್ನು ಒಂದು ಸುತ್ತು ಸುತ್ತಿಕೊಳ್ಳಿ, ರಬ್ಬರ್‌ಗೆ ತಾಗದಂತೆ. ಬಲಕ್ಕೆ ಹೋಗುವಾಗ ಕೆಂಪು ಮೇಲಿದ್ದರೆ ಎಡಕ್ಕೆ ಬರುವಾಗ ಕೆಂಪು ಕೆಳಗಿರಬೇಕು. ಎಡಕ್ಕೆ ಬರುವಾಗಲೂ ಕೆಂಪು ಮೇಲೇ ಇದ್ದರೆ ನೀವು ಹಿಡಿಕೆಯನ್ನು ಎಳೆಯುತ್ತಿಲ್ಲ, ತಳ್ಳುತ್ತಿದ್ದೀರಿ ಎಂದರ್ಥ. ಆಗ ರಬ್ಬರ್ ಹಿಮ್ಮುಖವಾಗಿ ಮಡಚಿಕೊಂಡು ನೀರನ್ನು ತನ್ನ ಹಿಂದೆಯೇ ಬಿಟ್ಟು ಹೋಗುತ್ತದೆ. ಹಿಡಿಕೆ ಮುಂದೆ, ರಬ್ಬರ್ ಹಿಂದೆ: ಯಾವ ದಿಕ್ಕಿನಲ್ಲಿ ಸಾಗಿದರೂ ಇದು ಬದಲಾಗುವುದಿಲ್ಲ.

ಎರಡನೆಯ ತೊಡಕು ನೀರು ಹೋಗಬೇಕಾದ ದಾರಿಗೆ ಸಂಬಂಧಿಸಿದ್ದು. ರಬ್ಬರ್ ತಡೆದು ಕೂಡಿಸಿಕೊಂಡ ನೀರು ಯಾವುದೋ ಒಂದು ತುದಿಯಿಂದ ಹೊರಗೆ ಸುರಿಯಲೇಬೇಕು. ಅದು ಕೆಳಗಿನ ತುದಿಯಿಂದ ಸುರಿದರೆ ಇನ್ನೂ ಒದ್ದೆಯಾಗಿರುವ ಜಾಗಕ್ಕೆ ಬೀಳುತ್ತದೆ, ತೊಂದರೆಯಿಲ್ಲ. ಮೇಲಿನ ತುದಿಯಿಂದ ಸುರಿದರೆ ಆಗಲೇ ಒಣಗಿಸಿದ ಗಾಜಿನ ಮೇಲೆ ಹರಿಯುತ್ತದೆ. ಆದ್ದರಿಂದ ಮೇಲಿನ ತುದಿ ಸದಾ ಸ್ವಲ್ಪ ಮುಂದಿರಬೇಕು, ಕೆಳಗಿನ ತುದಿ ಹಿಂದುಳಿಯಬೇಕು. ಈಗ ಎರಡು ನಿಯಮಗಳಾದವು. ತುದಿಗಳು ಬೇರೆ ಅದಲುಬದಲಾಗುತ್ತಿರುತ್ತವೆ. ಏಣಿಯ ಮೇಲೆ ನಿಂತು ಇವೆಲ್ಲವನ್ನೂ ಒಟ್ಟಿಗೆ ನೆನಪಿಡುವುದು ಆಗದ ಮಾತು.

ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ರಬ್ಬರನ್ನು ನೋಡುವುದನ್ನೇ ಬಿಟ್ಟು ಹಿಡಿಕೆಯನ್ನು ಗಡಿಯಾರದ ಮುಳ್ಳಿನಂತೆ ನೋಡುವುದು. ಬಲಕ್ಕೆ ಸಾಗುವಾಗ ಹಿಡಿಕೆ 4 ಗಂಟೆಯತ್ತ ಇರಲಿ, ಎಡಕ್ಕೆ ಸಾಗುವಾಗ 8 ಗಂಟೆಯತ್ತ ಇರಲಿ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ 6ರ ಮೂಲಕವೇ ಹಾದುಹೋಗಲಿ. ಹಿಡಿಕೆ ಹೀಗೆ ಕೆಳಮುಖವಾಗಿ ವಾಲಿದ್ದರೆ ಮೇಲಿನ ತುದಿ ತಾನಾಗಿ ಮುಂದಿರುತ್ತದೆ, ತುದಿಗಳು ತಾವಾಗಿ ಸ್ಥಾನ ಬದಲಿಸಿಕೊಳ್ಳುತ್ತವೆ, ಎರಡೂ ನಿಯಮಗಳು ಪ್ರತ್ಯೇಕ ಗಮನವಿಲ್ಲದೆ ಪಾಲನೆಯಾಗುತ್ತವೆ. ಹಿಡಿಕೆ 2 ಅಥವಾ 10ರತ್ತ ಏರಿತೆಂದರೆ ನೀರು ಮೇಲಿನ ತುದಿಯಿಂದ ಸುರಿಯಿತೆಂದೇ ತಿಳಿಯಿರಿ.

ಇನ್ನು ಒಂದು ಗಾಜನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ನೋಡೋಣ. ಗಾಜನ್ನೆಲ್ಲ ಸೋಪು ನೀರಿನಿಂದ ತೋಯಿಸಿದ ಬಳಿಕ, ಹಿಂಡಿದ ಬಟ್ಟೆಯನ್ನು ಬೆರಳಿಗೆ ಸುತ್ತಿ ಮೇಲಂಚಿನ ಉದ್ದಕ್ಕೂ ಎಡ ಅಂಚಿನ ಉದ್ದಕ್ಕೂ ಬೆರಳಗಲದ ಒಣ ಪಟ್ಟಿಯನ್ನು ಮಾಡಿಕೊಳ್ಳಿ. ಇದನ್ನು ಬಿಟ್ಟರೆ ಚೌಕಟ್ಟಿನ ಸಂದಿಯಲ್ಲಿ ನಿಂತ ನೀರು ರಬ್ಬರ್ ಹಾದುಹೋದ ಮೇಲೆ ಇಳಿದು ಬರುತ್ತದೆ. ವೈಪರನ್ನು ಎಡ ಮೇಲ್ಮೂಲೆಯಲ್ಲಿ ನೆಟ್ಟಗೆ ಇಡಿ. ಇಲ್ಲಿ ಮಾತ್ರ ಹಿಡಿಕೆ 3ರತ್ತ ಇರುತ್ತದೆ, ಇಲ್ಲವಾದರೆ ಮೂಲೆಯಲ್ಲಿ ಮುಕ್ಕೋನದ ಒದ್ದೆ ಉಳಿದುಬಿಡುತ್ತದೆ. ಹೊರಟ ಕೂಡಲೇ ಹಿಡಿಕೆಯನ್ನು 4ಕ್ಕೆ ಇಳಿಸಿ ಬಲಕ್ಕೆ ಸಾಗಿ. ಮೇಲಿರುವ ಕೆಂಪು ತುದಿ ಬಲ ಚೌಕಟ್ಟಿಗೆ ತಾಗಿದಾಗ ಕೈ ಬಲಕ್ಕೆ ಹೋಗುವುದನ್ನು ನಿಲ್ಲಿಸಿ ಕೆಳಕ್ಕೆ ಇಳಿಯಬೇಕು, ಇಳಿಯುತ್ತಲೇ ಹಿಡಿಕೆ 6ಕ್ಕೆ ತಿರುಗಬೇಕು. ಈ ಕ್ಷಣದಲ್ಲಿ ಪಟ್ಟಿ ಅಡ್ಡಲಾಗಿರುತ್ತದೆ, ಕೆಂಪು ತುದಿ ಬಲ ಚೌಕಟ್ಟಿನ ಪಕ್ಕದಲ್ಲಿರುತ್ತದೆ, ಟೇಪಿಲ್ಲದ ತುದಿ ಎಡಕ್ಕಿರುತ್ತದೆ. ಇಲ್ಲಿಂದ ಹಿಡಿಕೆ 8ಕ್ಕೆ ಹೋಗುವಾಗ ಕೆಂಪು ತುದಿ ಚೌಕಟ್ಟನ್ನು ಸವರಿಕೊಂಡು ಕೆಳಗಿಳಿಯುತ್ತದೆ, ಟೇಪಿಲ್ಲದ ತುದಿ ಮೇಲೇರಿ ಆಗಲೇ ಒಣಗಿದ ಸಾಲಿನೊಳಗೆ ಎರಡು ಇಂಚು ಹೊಗುತ್ತದೆ. ಅದು ಒಣ ಜಾಗವನ್ನು ಮುಟ್ಟುವವರೆಗೆ ಎಡಕ್ಕೆ ಹೊರಡಬಾರದು. ಅವಸರದಲ್ಲಿ ಅದಕ್ಕಿಂತ ಮೊದಲೇ ಹೊರಟರೆ ಎರಡು ಸಾಲುಗಳ ನಡುವೆ ನೀರಿನ ಎಳೆಯೊಂದು ಉದ್ದಕ್ಕೂ ಉಳಿಯುತ್ತದೆ. ಎಡ ತುದಿಯಲ್ಲಿ ಇದೇ ತಿರುವು ಕನ್ನಡಿಯಲ್ಲಿ ಕಂಡಂತೆ ನಡೆಯುತ್ತದೆ. ಕೊನೆಯ ಸಾಲಿನಲ್ಲಿ ಪಟ್ಟಿಯನ್ನು ಮತ್ತೆ ನೆಟ್ಟಗೆ ಮಾಡಿ, ಕೆಳತುದಿ ಕೆಳ ಚೌಕಟ್ಟಿಗೆ ತಾಗಿರುವಂತೆ ಎಳೆದು, ಮೂಲೆಯಲ್ಲಿ ಕೂಡಿದ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದರೆ ಆಯಿತು.

ಹಿಡಿಕೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರೆ ಮಣಿಕಟ್ಟು 6ರ ಆಚೆ ತಿರುಗುವುದಿಲ್ಲ, ಬೆರಳುಗಳಲ್ಲಿ ಹಗುರವಾಗಿ ಹಿಡಿಯಬೇಕು. ಅಭ್ಯಾಸಕ್ಕೆ ಬಾಲ್ಕನಿಯ ಸ್ಲೈಡಿಂಗ್ ಬಾಗಿಲಿನ ಗಾಜು ಒಳ್ಳೆಯದು: ಅಗಲವಾಗಿರುತ್ತದೆ, ಏಣಿ ಬೇಡ, ಗಮನವೆಲ್ಲ ಕೈಯ ಮೇಲೆಯೇ ಇರುತ್ತದೆ.

ಉಳಿದ ಗೆರೆ ಏನು ಹೇಳುತ್ತದೆ

ಗೆರೆ ಕಂಡ ತಕ್ಷಣ ಬಟ್ಟೆ ತೆಗೆಯದೆ ಒಂದು ಕ್ಷಣ ಅದನ್ನು ನೋಡಿ. ಪ್ರತಿ ಸಾಲಿನಲ್ಲೂ ರಬ್ಬರ್‌ನ ಅದೇ ಭಾಗ ಹಾದುಹೋದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯಿದ್ದರೆ ರಬ್ಬರ್‌ನ ಅಂಚಿನಲ್ಲಿ ಕಚ್ಚು ಬಿದ್ದಿದೆ ಅಥವಾ ಮರಳಿನ ಕಣ ಸಿಕ್ಕಿದೆ. ಉಗುರಿನಿಂದ ಅಂಚನ್ನು ಸವರಿದರೆ ಗೊತ್ತಾಗುತ್ತದೆ. ಸಾಲುಗಳ ನಡುವೆ ಮಾತ್ರ ಗೆರೆಯಿದ್ದರೆ ಅದು ತಿರುವಿನ ದೋಷ. ಮೇಲಂಚಿನಿಂದ ಹನಿಗಳು ಇಳಿದಿದ್ದರೆ ಒಣ ಪಟ್ಟಿ ಮಾಡಿಲ್ಲವೆಂದರ್ಥ. ರಬ್ಬರ್ ಕಿರುಗುಟ್ಟುತ್ತಾ ಕುಣಿದರೆ ಗಾಜು ಆಗಲೇ ಒಣಗುತ್ತಿದೆ, ಇಲ್ಲವೇ ನೀವು ವಿಪರೀತ ಒತ್ತುತ್ತಿದ್ದೀರಿ.

ಹಳೆಯ ಪತ್ರಿಕೆಯಲ್ಲಿ ಒರೆಸಿದರೆ ಗೆರೆಯೇ ಬರುವುದಿಲ್ಲವೆಂದು ಮನೆಯ ಹಿರಿಯರು ಸಲಹೆ ಕೊಡುವುದುಂಟು. ಒಂದೆರಡು ಸಣ್ಣ ಗಾಜುಗಳಿಗೆ ಅದು ಸರಿಯೇ. ಆದರೆ ಕಾಗದ ಬೇಗ ನೆನೆದು ಹರಿಯುತ್ತದೆ, ಬಿಳಿಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿಗೆ ಮಸಿ ಹತ್ತಿಸುತ್ತದೆ.

ಗ್ರಿಲ್ ಇರುವ ಕಿಟಕಿಗಳು

ಮೇಲೆ ಹೇಳಿದ ತಿರುವೆಲ್ಲ ಗ್ರಿಲ್‌ನ ಮುಂದೆ ನಡೆಯುವುದಿಲ್ಲ. ಒಳಗೆ ಗ್ರಿಲ್ ಇದ್ದು ಹೊರಕ್ಕೆ ತೆರೆಯುವ ಮರದ ಬಾಗಿಲುಗಳಿರುವ ಹಳೆಯ ಕಿಟಕಿಗಳು ಸರಸ್ವತಿಪುರಂ, ಒಂಟಿಕೊಪ್ಪಲಿನಂಥ ಕಡೆ ಈಗಲೂ ಬೇಕಾದಷ್ಟಿವೆ. ನೆಲಮಹಡಿಯಲ್ಲಿ ಬಾಗಿಲನ್ನು ಪೂರ್ತಿ ತೆರೆದು ಹೊರಗಿನಿಂದಲೇ ಎರಡೂ ಮುಖಗಳನ್ನು ಮುಗಿಸಬಹುದು. ಮೇಲ್ಮಹಡಿಯಲ್ಲಿ ಸರಳುಗಳ ನಡುವೆ ಕೈ ತೂರಿಸಬೇಕಾಗುವುದರಿಂದ, ಸರಳುಗಳ ಅಂತರಕ್ಕಿಂತ ಒಂದು ಇಂಚು ಕಡಿಮೆ ಬರುವಂತೆ ಲೋಹದ ಪಟ್ಟಿಯನ್ನು ಗರಗಸದಲ್ಲಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಪ್ರತ್ಯೇಕ ವೈಪರ್ ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ನೇರ ಎಳೆತವೊಂದೇ ಸಾಧ್ಯ. ಮರಕ್ಕೆ ನೀರು ಹೆಚ್ಚಾದರೆ ಉಬ್ಬಿ ಬಾಗಿಲು ಬಿಗಿಯಾಗುವುದರಿಂದ ಹಿಂಡಿದ ಬಟ್ಟೆಯಿಂದ ತೋಯಿಸಿದರೆ ಸಾಕು.

ಗ್ರಿಲ್, ಸೊಳ್ಳೆ ಜಾಲರಿ, ಸ್ಲೈಡಿಂಗ್ ಟ್ರ್ಯಾಕ್ ಇವುಗಳ ಧೂಳನ್ನು ಒಣಗಿರುವಾಗಲೇ ಬ್ರಷ್‌ನಿಂದ ತೆಗೆದ ಮೇಲೆ ಗಾಜಿಗೆ ನೀರು ಮುಟ್ಟಿಸಿ.

ಬೋರ್ ನೀರಿನ ಬಿಳಿ ಕಲೆ

ಮೈಸೂರಿಗೆ ಕಾವೇರಿ, ಕಬಿನಿ ನೀರು ಬರುತ್ತದಾದರೂ ಎಷ್ಟೋ ಮನೆಗಳಲ್ಲಿ ಗಿಡಕ್ಕೆ, ಅಂಗಳಕ್ಕೆ ಬೋರ್ ನೀರೇ ಬಳಕೆಯಾಗುತ್ತದೆ. ಪೈಪಿನಿಂದ ಸಿಡಿದ ಆ ಗಡಸು ನೀರು ಗಾಜಿನ ಮೇಲೆ ಒಣಗಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ ಬಿಳಿಯ ಚುಕ್ಕಿಗಳಾಗಿ ಉಳಿಯುತ್ತದೆ. ಸೋಪಿಗೆ ಇದು ಕರಗುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ, ಕೆಲವು ನಿಮಿಷ ಗಾಜಿಗೆ ಅಂಟಿಸಿಟ್ಟು ಉಜ್ಜಿದರೆ ಹೋಗುತ್ತದೆ. ವರ್ಷಗಟ್ಟಲೆ ಬಿಟ್ಟು ಗಾಜಿನ ಮೇಲ್ಮೈಯನ್ನೇ ಕೊರೆದ ಕಲೆ ಹೋಗುವುದಿಲ್ಲ. ಅದನ್ನು ಮನೆಯವರಿಗೆ ಕೆಲಸಕ್ಕೆ ಮೊದಲೇ ತೋರಿಸಿ ಹೇಳಿಬಿಡಬೇಕು. ಕಿಟಕಿಯ ಕೆಳಗೆ ಕಡಪ ಕಲ್ಲು ಅಥವಾ ಮಾರ್ಬಲ್ ಹಾಸಿದ್ದರೆ ಅದರ ಮೇಲೆ ವಿನೆಗರ್ ಬೀಳದಂತೆ ಟವೆಲ್ ಹಾಸಿರಬೇಕು, ಏಕೆಂದರೆ ಅವೂ ಸುಣ್ಣದ ಅಂಶದ ಕಲ್ಲುಗಳೇ, ಹೊಳಪು ಕಳೆದುಕೊಳ್ಳುತ್ತವೆ. ಗ್ರಾನೈಟ್‌ಗೆ ಅಷ್ಟು ಭಯವಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಮಾತ್ರ ಕಿಟಕಿಯ ಹತ್ತಿರ ತರಬೇಡಿ, ಅಲ್ಯೂಮಿನಿಯಂ ಚೌಕಟ್ಟನ್ನು ತಿಂದುಹಾಕುತ್ತದೆ.

ಪೇಂಟ್, ಸಿಮೆಂಟ್ ಹನಿಗಳಿಗೆ ಬ್ಲೇಡಿನ ಸ್ಕ್ರೇಪರ್ ಬೇಕಾಗುತ್ತದೆ. ಗಾಜು ಒದ್ದೆಯಾಗಿರಲಿ, ಬ್ಲೇಡು ಒಂದೇ ದಿಕ್ಕಿನಲ್ಲಿ ಸಾಗಲಿ. ಹಿಂದಕ್ಕೆ ಎಳೆದರೆ ಅಡಿಯಲ್ಲಿ ಸಿಕ್ಕಿದ ಕಣ ಗಾಜನ್ನು ಗೀರುತ್ತದೆ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿಗೆ ಸ್ಕ್ರೇಪರ್ ಹಾಕದಿರುವುದೇ ಕ್ಷೇಮ.

ಬಿಸಿಲು ಮತ್ತು ಏಣಿ

ಬಿಸಿಲು ಬಿದ್ದ ಗಾಜಿನಲ್ಲಿ ವೈಪರ್ ತಲುಪುವ ಮೊದಲೇ ಸೋಪು ನೀರು ಒಣಗುತ್ತದೆ. ಬೆಳಿಗ್ಗೆ ಪಶ್ಚಿಮದ ಕಿಟಕಿಗಳು, ಮಧ್ಯಾಹ್ನದ ಮೇಲೆ ಪೂರ್ವದವು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಉತ್ತರ, ದಕ್ಷಿಣಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕಿರುತ್ತಾನೆ. ದಸರೆಗೆ ಮುಂಚೆ ಕೆಲಸ ಹೆಚ್ಚಿರುವ ದಿನಗಳಲ್ಲಿ ನಡುಹಗಲಿಗೆ ಉತ್ತರದ ಕಿಟಕಿಗಳನ್ನು ಇಟ್ಟುಕೊಂಡರೆ ನೆರಳಿನಲ್ಲಿ ಕೆಲಸ ಸಾಗುತ್ತದೆ.

ಗೋಡೆಗೆ ಒರಗಿಸುವ ಏಣಿಯ ಬುಡವು ಪ್ರತಿ 4 ಅಡಿ ಎತ್ತರಕ್ಕೆ 1 ಅಡಿ ದೂರದಲ್ಲಿರಬೇಕು. ಕೈ ಎಟುಕದಿದ್ದರೆ ಬಾಗಬೇಡಿ, ಇಳಿದು ಏಣಿಯನ್ನು ಸರಿಸಿ. ಕಿಟಕಿಯ ಮೇಲಿನ ಸಜ್ಜದ ಮೇಲೆ ನಿಂತು ಮಹಡಿಯ ಗಾಜು ಒರೆಸುವ ರೂಢಿ ನಮ್ಮಲ್ಲಿದೆ. ಸೋಪು ನೀರು ಬಿದ್ದ ಸಜ್ಜ ಜಾರುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅಂಥ ಗಾಜಿಗೆ ನೆಲದಿಂದಲೇ ಉದ್ದ ಕೋಲಿನಲ್ಲಿ ನೇರ ಎಳೆತ ಮಾಡಿ, ಕೋಲು ತಲುಪದಿದ್ದರೆ ಆ ಕಿಟಕಿಯ ಹೊರಮೈಯನ್ನು ಒಪ್ಪಿಕೊಳ್ಳಬೇಡಿ.